ನನಗೆ ಮಾತ್ರ ಹೇಳಿದ ಮಾತು

ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ನಾನು ಮಧ್ಯಾಹ್ನದ ಊಟಕ್ಕೆ ಹಿಂದಿನ ಗಲ್ಲಿಯ ಹೋಟೆಲಿಗೆ ಹೋಗುತ್ತಿದ್ದೆ. ಬಡಿಸುವವರು ಬೀದರ್ ಕಡೆಯ ನಡುವಯಸ್ಸಿನ ಮನುಷ್ಯ. ಏಳುವಾಗ ಅವರಿಗೆಂದು ತಟ್ಟೆಯ ಪಕ್ಕ ಒಂದು ರೂಪಾಯಿ ಇಡುತ್ತಿದ್ದೆ. ವಾರದೊಳಗೆ ನನ್ನ ಚಪಾತಿ ಬಿಸಿಯಾಗಿ ಬರತೊಡಗಿತು, ಕೇಳದೆಯೇ ಮೊಸರೂ ಬಂತು. ಅದು ನನ್ನ ಹಕ್ಕೇ ಎಂಬಂತೆ ಉಂಡೆ.

ಪಕ್ಕದ ಮೇಜಿಗೆ ರಾಯಚೂರು ಕಡೆಯ ನಿವೃತ್ತ ಮಾಸ್ತರರೊಬ್ಬರು ಬರುತ್ತಿದ್ದರು. ಬಿಲ್ಲಿನಷ್ಟೇ ಕೊಟ್ಟು ಏಳುವವರು. ಅವರಿಗೆ ತಣ್ಣಗಾದ ಸಾರು. ನೀರಿಗೂ ಎರಡೆರಡು ಸಲ ಕೂಗಬೇಕು. ನಾನು ನೋಡಿಯೂ ನೋಡದಂತಿರುತ್ತಿದ್ದೆ.

ಒಂದು ದಿನ ಊರಲ್ಲಿ ಏನೋ ಗಲಾಟೆಯೆಂದು ಕಚೇರಿಯಲ್ಲಿ ಬೆಳಗಿನಿಂದ ಪಿಸುಮಾತು. ಹೋಟೆಲಿಗೆ ಹೋದರೆ ಎದುರಿನ ಅಂಗಡಿಗಳ ಶಟರ್‌ಗಳು ಅರ್ಧ ಇಳಿದಿದ್ದವು. ಬಡಿಸುವವರು ತಟ್ಟೆ ತರಲಿಲ್ಲ. ಮೇಜು ಒರೆಸುವ ನೆಪದಲ್ಲಿ ಬಗ್ಗಿದರು.

"ಇವತ್ತ ಊಟ ಬ್ಯಾಡ್ರಿ ಅಕ್ಕಾರ. ಈಗಿಂದೀಗ ಮನಿಗೆ ಹೋಗ್ರಿ. ಆಮ್ಯಾಲೆ ಬಸ್ ಸಿಗಂಗಿಲ್ಲ."

ಮಾಸ್ತರು ಊಟಕ್ಕೆ ಕಾಯುತ್ತ ಕೂತಿದ್ದರು. ಅವರಿಗೂ ಹೇಳಿದಿರಾ ಎಂದು ಕೇಳಿದೆ.

"ಎಲ್ಲಾರಿಗೂ ಹೇಳಿದ್ರ ಸೇಠ ನನ್ನ ಕೆಲಸದಿಂದ ತಗೀತಾನ್ರಿ. ನಮ್ಮವ್ರಿಗೆ ಅಷ್ಟ ಹೇಳಾಕತ್ತೀನಿ."

ನಮ್ಮವರೆಂದರೆ ತಟ್ಟೆಯ ಪಕ್ಕ ರೂಪಾಯಿ ಇಡುವವರು ಎಂದು ನನಗೆ ಗೊತ್ತಾಯಿತು. ಮಾಸ್ತರ ಮೇಜು ಮೂರು ಹೆಜ್ಜೆ ದೂರವಿತ್ತು. ನಾನು ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಮಾಸ್ತರು ಅಡುಗೆಮನೆಯ ಕಡೆ ಕೈ ಎತ್ತಿ ಕರೆಯುತ್ತಿದ್ದರು.

ನಮ್ಮ ಮನೆಯಿದ್ದ ಮೆಹದಿಪಟ್ಟಣಕ್ಕೆ ಹೊರಟಿದ್ದ ಬಸ್ಸು ಸಿಕ್ಕಿತು. ಅದರ ಹಿಂದೆ ಇನ್ನೊಂದು ಬರಲಿಲ್ಲವಂತೆ. ಸಂಜೆಗೆ ಕರ್ಫ್ಯೂ. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಕೂತೆವು. ರಸ್ತೆಯಲ್ಲಿ ಜೀಪು ಹಾದಾಗಲೆಲ್ಲ ನನಗೆ ಆ ಎತ್ತಿದ ಕೈ ಕಾಣುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೋಟೆಲು ಮತ್ತೆ ತೆರೆದ ದಿನ ಮಾಸ್ತರು ಇರಲಿಲ್ಲ. ಮರುದಿನವೂ ಇಲ್ಲ. ಬಡಿಸುವವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆ ಮೇಜಿನ ಕಡೆ ನೋಡುತ್ತಿರಲಿಲ್ಲ. ಐದನೆಯ ದಿನ ಮಾಸ್ತರು ಬಂದರು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಯಲ್ಲಿ ಚಮಚ ಹಿಡಿದು ನಿಧಾನವಾಗಿ ಉಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ಅವತ್ತ ಉಣದ ಎದ್ದು ಹೋದ್ರಿ. ನಿಮಗೇನರ ಗೊತ್ತಿತ್ತೇನು?"

ತಲೆನೋವಿತ್ತು ಎಂದೆ.

ಅವರು ಎಡಗೈಯಿಂದ ಜೇಬು ತಡಕಾಡಿ ಎರಡು ರೂಪಾಯಿ ತೆಗೆದು ತಟ್ಟೆಯ ಪಕ್ಕ ಇಟ್ಟರು. ಬಡಿಸುವವರು ಬಂದು, ತಲೆ ತಗ್ಗಿಸಿಕೊಂಡೇ ಅದನ್ನು ಎತ್ತಿಕೊಂಡರು.

ಮುಂದಿನ ವಾರದಿಂದ ನಾನು ಮನೆಯಿಂದಲೇ ಬುತ್ತಿ ಒಯ್ಯತೊಡಗಿದೆ. ಹೋಟೆಲಿನ ಎಣ್ಣೆ ಆಗಿಬರುತ್ತಿಲ್ಲ ಎಂದು ಅವ್ವನಿಗೆ ಹೇಳಿದೆ.