ಜೋಡಿ ಚಿಕ್ಕಿಗೆ ಹೊಂದಿಸಿದ ಡಬ್ಬಿ

ಸುಳ್ಳು ಹೇಳಿ ನನಗೆ ಬರಬೇಕಾದದ್ದು ಏನೂ ಇಲ್ಲ. ಬೆಟಗೇರಿಯಲ್ಲಿ ನಮ್ಮ ಓಣಿಯವರನ್ನು ಕೇಳಿ, ಬಾಯಿ ಜೋರಿನ ಹೆಂಗಸು ಅಂದಾರು, ಸುಳ್ಳಿ ಅನ್ನಲಾರರು. ಹಮ್ಮಿಗಿಯ ನಮ್ಮ ಹೊಲದ ಕಣದಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಯಾಕೆ ನಡೆಯಿತು ಎಂದು ಮಾತ್ರ ಕೇಳಬೇಡಿ.

ನನ್ನ ಯಜಮಾನರಿಗೆ ರೇಡಿಯೋ, ಟೀವಿ ರಿಪೇರಿಯ ಅಂಗಡಿ ಇತ್ತು. ಮನೆಗೆ ಬಂದರೆ ಮೈತುಂಬ ಸೋಲ್ಡರಿನ ಸುಟ್ಟ ರಾಳದ ವಾಸನೆ. ಅದರ ಮೇಲೆ ಆಕಾಶದ ಹುಚ್ಚು ಬೇರೆ. ಕನ್ನಡಿಯನ್ನು ತಾವೇ ಉಜ್ಜಿ ಆಳೆತ್ತರದ ಟೆಲಿಸ್ಕೋಪು ಮಾಡಿಕೊಂಡಿದ್ದರು. ಬೇಸಿಗೆಯಲ್ಲಿ ಜೋಳದ ರಾಶಿ ಮುಗಿದ ಮೇಲೆ ಅದನ್ನು ಕಣಕ್ಕೆ ಒಯ್ದು, ಕತ್ತಲಾಗುತ್ತಲೇ "ಬಾ ಇಲ್ಲೆ, ಸಿಕ್ತು" ಎಂದು ಕೂಗುತ್ತಿದ್ದರು. ಹುಡುಕುವ ಕೆಲಸ ಯಾವತ್ತೂ ಅವರದೇ.

ಹೋದ ವರ್ಷ ಅದಕ್ಕೊಂದು ಡಬ್ಬಿ ತರಿಸಿದರು. ಟೆಲಿಸ್ಕೋಪು ಯಾವ ಕಡೆ ಎಷ್ಟು ತಿರುಗಿತು ಎಂದು ಎಣಿಸುವ ಪುಟ್ಟ ಕಂಪ್ಯೂಟರು. ಗೊತ್ತಿರುವ ಎರಡು ನಕ್ಷತ್ರ ತೋರಿಸಿ ಹೊಂದಿಸಿದರೆ ಆಮೇಲೆ ಕೇಳಿದ್ದಕ್ಕೆಲ್ಲ ದಾರಿ ಹೇಳುತ್ತದೆ. ಅಂಕಿಗಳು ಇಳಿದು ಎರಡೂ ಸೊನ್ನೆಯಾಗುವ ತನಕ ಕೊಳವೆಯನ್ನು ಕೈಯಿಂದ ದೂಡುತ್ತ ಹೋಗಬೇಕು, ಅಷ್ಟೇ. "ಇನ್ನ ಮ್ಯಾಲೆ ನನ್ನ ದಾರಿ ಕಾಯಬ್ಯಾಡ, ನೀನ ಹುಡುಕ್ಕೊ" ಅಂದಿದ್ದರು. ವೈರುಗಳ ಕೆಲಸ ಮುಗಿದಿತ್ತು. ಆಕಾಶಕ್ಕೆ ಹೊಂದಿಸುವ ಮೊದಲೇ, ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಈ ವರ್ಷ ರಾಶಿ ಮುಗಿದ ಮೇಲೆ ಮೈದುನ ಬಸುನನ್ನು ಕರೆದುಕೊಂಡು ಹಮ್ಮಿಗಿಗೆ ಹೋದೆ. ನನ್ನ ಕೈಯಿಂದ ಒಂದು ಸಲ ಅದು ಹೊಂದಿದರೆ ಟೆಲಿಸ್ಕೋಪು ಮನೆಯಲ್ಲಿರಲಿ, ಇಲ್ಲದಿದ್ದರೆ ಮುಂಡರಗಿಯ ಯಾವುದಾದರೂ ಶಾಲೆಗೆ ಕೊಟ್ಟುಬಿಡುವುದು ಎಂದು ಗಟ್ಟಿ ಮಾಡಿದ್ದೆ. ಬಳಸಲು ಬಾರದ್ದನ್ನು ಮೂಲೆಯಲ್ಲಿಟ್ಟು ದಿನಾ ನೋಡಿ ಅಳುವುದು ನನ್ನಿಂದ ಆಗದ ಮಾತು.

ಕತ್ತಲಾಯಿತು. ಹೊಳೆಯ ಕಡೆಯಿಂದ ಗಾಳಿ… ಜೋಳದ ಕಣಿಕೆಯ ಒಣ ವಾಸನೆ… ಎಲ್ಲೋ ಒಂದು ಪಂಪಿನ ಸದ್ದು.

ಎರಡು ನಕ್ಷತ್ರ, ನಮ್ಮ ಕಡೆಯ ಮಾತಲ್ಲಿ ಚಿಕ್ಕಿ, ಬೇಕಲ್ಲ? ನನಗೆ ಗೊತ್ತಿದ್ದದ್ದೇ ಎರಡು. ಮದುವೆಯಲ್ಲಿ ಐನೋರು ಮಟಮಟ ಮಧ್ಯಾಹ್ನ ಮೇಲೆ ಬೆರಳು ತೋರಿಸಿ, "ಅರುಂಧತಿ ಕಂಡ್ಳೇನವಾ?" ಅಂದಾಗ ಬಿಸಿಲಿಗೆ ಕಣ್ಣು ಕಿರಿದು ಮಾಡಿ "ಕಂಡ್ಳರಿ" ಅಂದುಬಿಟ್ಟಿದ್ದೆ. ಆಮೇಲೆ ಇದೇ ಕಣದಲ್ಲಿ ಇವರು ಖರೇ ಅರುಂಧತಿಯನ್ನು ತೋರಿಸಿದ್ದರು. ಸಪ್ತರ್ಷಿಗಳ ಬಾಲದಲ್ಲಿ, ಗಂಡ ವಸಿಷ್ಠನ ಮಗ್ಗುಲಿಗೇ ಇರುವವಳು. ಕೊಳವೆಯನ್ನು ಉತ್ತರಕ್ಕೆ ತಿರುಗಿಸಿ ಮೊದಲು ವಸಿಷ್ಠನನ್ನು, ಆಮೇಲೆ ಅರುಂಧತಿಯನ್ನು ಡಬ್ಬಿಗೆ ತೋರಿಸಿದೆ. ಪರೀಕ್ಷೆಗೆಂದು, ಪಶ್ಚಿಮದಲ್ಲಿ ಎದ್ದು ಕಾಣುತ್ತಿದ್ದ ಗುರು ಗ್ರಹವನ್ನು ಕೇಳಿದೆ. ಅದು ಹೇಳಿದಂತೆ ದೂಡುತ್ತ ಹೋದರೆ ಕೊಳವೆ ಬೇಲಿಯ ಜಾಲಿ ಗಿಡಕ್ಕೆ ಮುಖ ಮಾಡಿ ನಿಂತಿತು.

ಮತ್ತೆ ಉತ್ತರಕ್ಕೆ ತಿರುಗಿಸಿ, ಅವೆರಡನ್ನೇ ತೋರಿಸಿ, ಮತ್ತೆ ಗುರುವನ್ನು ಕೇಳುವಷ್ಟರಲ್ಲಿ ಬಸು ಬಂದು ನೋಡಿದ.

"ವೈನಿ, ಜೋಡಿ ಚಿಕ್ಕಿ ತಗೊಂಡ್ರ ಹೆಂಗ್ರಿ? ಎರಡೂ ದೂರ ದೂರ ಇರಬೇಕು. ಹತ್ತಿರ ಇದ್ರ ಅದಕ್ಕ ದಿಕ್ಕು ತಿಳಿಯೂದಿಲ್ಲ ಅಂತ ಅಣ್ಣ ಹೇಳ್ತಿದ್ದ."

"ದೂರಾದ್ರನ ದಿಕ್ಕು ತಿಳೀತೈತೇನು? ಹಂಗಾರ ನನಗ ಯಾಕ ತಿಳಿವಲ್ದೋ?"

ಬಸು ಫೋನು ಹೊರತೆಗೆದ. "ಸಿಟ್ಟಾಗಬ್ಯಾಡ್ರಿ. ಎರಡನೇದು ಯಾವುದು ತಗೋಬೇಕಂತ ಫೋನಿನ್ಯಾಗ ನೋಡ್ಕೊಂಡು ಬರ್ತೀನಿ, ಇಲ್ಲೆ ಸಿಗ್ನಲ್ ಇಲ್ಲ" ಎಂದು ರಸ್ತೆಯ ಕಡೆ ಹೋದ.

ನಾನು ಟೆಲಿಸ್ಕೋಪಿಗೆ ಬೆನ್ನು ಹಾಕಿ ಕಂಬಳಿಯ ಮೇಲೆ ಕೂತೆ. ಉದ್ದ ವೈರಿನ ತುದಿಗಿದ್ದ ಡಬ್ಬಿ ತೊಡೆಯ ಮೇಲಿತ್ತು. ಯಾರೂ ಇಲ್ಲವಲ್ಲ ಎಂದು ದನಿ ತೆಗೆದು ಅತ್ತುಬಿಟ್ಟೆ. ಒಂದು ಚಿಕ್ಕಿ ಹುಡುಕಲು ಬಾರದ ಹೆಂಡತಿಯನ್ನು ಬಿಟ್ಟು ಹೋಗಲು ಅಂಥದ್ದೇನು ಅವಸರವಿತ್ತು ಎಂದು ಅವರನ್ನು ಬೈದೆ ಕೂಡ.

ಆಗ… ತೊಡೆಯ ಮೇಲಿನ ಕೆಂಪು ಅಂಕಿಗಳು ಅಲುಗಾಡಿದವು.

ಇಳಿಯತೊಡಗಿದವು. ನಿಧಾನಕ್ಕೆ… ಒಂದೊಂದಾಗಿ. ಬೆನ್ನ ಹಿಂದೆ ಮರದ ಪೀಠ ಕರ್ರ್… ಎಂದು ತಿರುಗುವ ಸದ್ದು.

"ಬಸೂ, ಮುಟ್ಟಬ್ಯಾಡೋ," ಅಂದೆ.

"ಏನ್ರಿ ವೈನೀ?" ಉತ್ತರ ಬಂದದ್ದು ದೂರದ ರಸ್ತೆಯಿಂದ. ಅವನ ಫೋನಿನ ಬೆಳಕೂ ಅಲ್ಲೇ ಕಾಣುತ್ತಿತ್ತು.

ಗಾಳಿ ನಿಂತಿತ್ತು. ಕಣಿಕೆಯ ವಾಸನೆಯ ನಡುವೆ ಇನ್ನೊಂದು ವಾಸನೆ… ಸುಟ್ಟ ರಾಳ. ಹೆದರಿ ಕೂತೆ ಅಂದರೆ ಅರ್ಧ ಸುಳ್ಳಾದೀತು. ತಿರುಗಿ ನೋಡಿದರೆ ಎಲ್ಲಿ ಹೋಗಿಬಿಡುತ್ತಾರೋ ಎಂದು ಅಲುಗಾಡದೆ ಕೂತೆ. ಅಂಕಿಗಳೆರಡೂ ಸೊನ್ನೆಯಾದವು. ಸದ್ದು ನಿಂತಿತು.

ಜೀವ ಗಟ್ಟಿ ಮಾಡಿಕೊಂಡು ಎದ್ದೆ. ಉತ್ತರಕ್ಕೆ ಬಿಟ್ಟಿದ್ದ ಕೊಳವೆ ನೆಟ್ಟಗೆ ಗುರುವಿನತ್ತ ತಿರುಗಿತ್ತು. ಐಪೀಸಿಗೆ ಕಣ್ಣಿಟ್ಟೆ. ಗುರು ಇದ್ದ, ಆದರೆ ಅಂಚಿಲ್ಲ, ಗೆರೆಯಿಲ್ಲ, ಹಾಲು ಚೆಲ್ಲಿದ ಹಾಗೆ ಬರೀ ಮಸುಕು ಬೆಳಕು.

ಅರುಂಧತಿಯನ್ನು ನೋಡುವಾಗ ಫೋಕಸಿನ ಗುಂಡಿಯನ್ನು ನನ್ನ ಕಣ್ಣಿಗೆ ನಾನೇ ಸರಿ ಮಾಡಿಕೊಂಡಿದ್ದೆ. ಆಗ ಚೊಕ್ಕ ಕಂಡಿತ್ತು. ನನ್ನ ಕಣ್ಣು ನೆಟ್ಟಗಿದೆ, ಬಸುನದೂ ಅಷ್ಟೇ. ದಪ್ಪ ಗಾಜಿನ ಚಾಳೀಸು ಹಾಕುತ್ತಿದ್ದವರು ನಮ್ಮಲ್ಲಿ ಒಬ್ಬರೇ. ಅವರು ಚಾಳೀಸು ತೆಗೆದಿಟ್ಟು, ಗುಂಡಿಯನ್ನು ತಮ್ಮ ಕಣ್ಣಿಗೆ ತಿರುವಿ, ಕಣ್ತುಂಬ ನೋಡಿ, ಆಮೇಲೆ ನನ್ನನ್ನು ಕರೆಯುತ್ತಿದ್ದರು. ಪ್ರತಿ ಸಲ ನನಗೆ ಮೊದಲು ಹೀಗೇ ಕಾಣುತ್ತಿತ್ತು. ಇಷ್ಟೇ ಮಸುಕು. "ತಿರುವಿಕೊ" ಅನ್ನುತ್ತಿದ್ದರು, ನಾನು ಗೊಣಗುತ್ತ ತಿರುವಿಕೊಳ್ಳುತ್ತಿದ್ದೆ.

ಕೈ ಗುಂಡಿಯ ತನಕ ಹೋಯಿತು… ಮುಂದಕ್ಕೆ ಹೋಗಲಿಲ್ಲ.

ಬಸು ಬಂದು ಡಬ್ಬಿ ನೋಡಿದ, ಕೊಳವೆ ನೋಡಿದ. "ಜೋಡಿ ಚಿಕ್ಕಿಗೆ ಹೊಂದಿಸಿದ್ದು ಇಷ್ಟು ಬರೋಬ್ಬರಿ ಹೆಂಗ ಬಂತ್ರಿ?" ಅಂದ. ನಾನು ಕಂಬಳಿ ಮಡಚತೊಡಗಿದೆ. "ಮತ್ತ… ನಾಳೆ ಶಾಲಿಗೆ ಒಯ್ಯೂಣೇನ್ರಿ?"

"ಬ್ಯಾಡ. ಮನಿಗೆ ನಡಿ."

ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಪೀಠ ತಾನೇ ಜಾರಿತೋ, ಯಾವ ವೈರು ಸಡಿಲಿತ್ತೋ, ಎಷ್ಟು ವಿಚಾರ ಮಾಡಿದರೂ ಗುಂಡಿಯ ಹತ್ತಿರ ಬಂದು ವಿಚಾರ ನಿಲ್ಲುತ್ತದೆ. ಧೂಳು ಒರೆಸುವಾಗ ಅದೊಂದನ್ನು ಬಿಟ್ಟು ಒರೆಸುತ್ತೇನೆ. ಬಂದವರು ಮುಟ್ಟಲು ಹೋದರೆ ಬಾಯಿಗೆ ಬಂದಂತೆ ಬೈಯುತ್ತೇನೆ. ಗುರು ನನಗೆ ಚೊಕ್ಕ ಕಾಣದಿದ್ದರೆ ಬೇಡ. ಅವರ ಕಣ್ಣು ಅದರಲ್ಲಿ ಇನ್ನೂ ಇದೆ. ಆ ಗುಂಡಿಯನ್ನು ಒಂದು ಸಲ ತಿರುವಿದೆನೆಂದರೆ, ಈ ಸಲ ಅವರನ್ನು ಕಳಿಸಿದವಳು ನಾನೇ ಆಗುತ್ತೇನೆ.