ಬೀಗ ಹಾಕಿದ ಮನೆಗೆಲ್ಲ ಬೀಗರು ಬರ್ತಾರಂತೆ

ಕೊರೋನಾ ಕಳೆದ ಎರಡನೇ ವರ್ಷದ ಮಾತು. ಆಗಲೂ ಈಗಲೂ ನಾನು ಮಧುಗಿರಿಯಲ್ಲಿ ಬಾಡಿಗೆ ಮನೆ ತೋರಿಸುವ ಬ್ರೋಕರ್. ಬ್ರೋಕರ್ ಅಂದ ತಕ್ಷಣ ಆಫೀಸು, ಬೋರ್ಡು ಅಂದುಕೊಳ್ಳಬೇಡಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾಡುವುದು ಹೂವಿನ ವ್ಯಾಪಾರ. ಬೆಳಿಗ್ಗೆ ಬೀದಿ ಬೀದಿ ತಿರುಗಿ ವರ್ತನೆ ಮನೆಗಳಿಗೆ, ಅಂದರೆ ದಿನಾ ಹೂವು ತಗೊಳ್ಳುವ ಕಾಯಂ ಮನೆಗಳಿಗೆ, ಕಾಕಡ, ಕನಕಾಂಬರ ಹಾಕಿ ಬರುತ್ತೇನೆ. ದಿನಾ ಬಾಗಿಲಿಗೆ ಹೋಗುವವಳಿಗೆ ಯಾರು ಸಾಮಾನು ಕಟ್ಟುತ್ತಿದ್ದಾರೆ, ಯಾವ ಪೋರ್ಷನ್ ಖಾಲಿ ಅನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಪೋರ್ಷನ್ ಅಂದರೆ ದೊಡ್ಡ ಮನೆಯೊಂದನ್ನು ಭಾಗ ಮಾಡಿ ಬಾಡಿಗೆಗೆ ಬಿಟ್ಟಿರುವ ಒಂದು ತುಂಡು. ಯಾರಿಗೋ ಒಂದು ಮನೆ ತೋರಿಸಿದೆ, ಅವರು ಇನ್ನೊಬ್ಬರನ್ನು ಕಳಿಸಿದರು, ಹೀಗೆ ಶುರುವಾದ ಕೆಲಸ.

ಮುಂದಕ್ಕೆ ಹೋಗುವ ಮುಂಚೆ ಒಂದು ಸಂತೋಷ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೋದ ವಾರ ನನ್ನ ಮೊಮ್ಮಗಳು ಹೊಸಲು ದಾಟಿದಳು. ಅಂಬೆಗಾಲಲ್ಲಿ ಬಂದು, ಹೊಸಲಿನ ಮೇಲೆ ಎರಡು ಕೈ ಊರಿ, ಹಿಂದೆ ತಿರುಗಿ ನನ್ನನ್ನೇ ನೋಡಿ ನಕ್ಕು, ಆ ಕಡೆಗೆ ಬಿದ್ದಳು. ಅತ್ತಿದ್ದು ಅವಳಲ್ಲ, ನಾನು. ಅವತ್ತು ಹೂವು ಮಾರಲಿಲ್ಲ, ಇದ್ದಬದ್ದ ಹೂವನ್ನೆಲ್ಲ ಬೀದಿಯ ಹೆಣ್ಣುಮಕ್ಕಳಿಗೆ ಮುಡಿಸಿದೆ. ಸಕ್ಕರೆ ಕೊಬ್ಬರಿ ಹಂಚಿದೆ. ಎದುರು ಮನೆಯವಳು "ಹೊಸಲು ದಾಟಿದ್ದಕ್ಕೇ ಇಂಗಾಡ್ತೀಯ, ಮದ್ವೆಗೆ ಊರೇ ಹಂಚ್ತೀಯೇನೋ" ಅಂದಳು. ಹಂಚುತ್ತೇನೆ, ಅವಳಪ್ಪನ ಗಂಟೇನು.

ಆದರೆ ಕೂಸನ್ನು ಎತ್ತಿಕೊಂಡು ಬೀದಿಗೆ ಇಳಿದರೆ, ಅವಳ ಪಾದ ನೆಲಕ್ಕೆ ಊರಿಸಲು ಒಂದು ಗೇಣು ಚೊಕ್ಕ ಜಾಗ ಇಲ್ಲ. ಆಗೆಲ್ಲ ಅಂಜಿನಮ್ಮ ನೆನಪಾಗುತ್ತಾಳೆ.

ಅಂಜಿನಮ್ಮ ಪಾವಗಡ ಕಡೆಯವಳು. ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡಿ ರಿಟೈರ್ ಆದವಳು. ಗಂಡ ತಿಪ್ಪೇಸ್ವಾಮಿ ಯಾವುದೋ ಆಫೀಸಿನಲ್ಲಿ ಅಟೆಂಡರ್ ಆಗಿದ್ದವರು. ಮಗಳನ್ನು ನಮ್ಮ ಕಡೆಯ ತೋವಿನಕೆರೆಗೆ ಕೊಟ್ಟಿದ್ದರು. ಪಾವಗಡದ ಬೋರ್ ನೀರಿನಲ್ಲಿ ಫ್ಲೋರೈಡ್ ಇರುತ್ತದಲ್ಲ, ಹಲ್ಲು ಹಳದಿ ಮಾಡಿ ಮೂಳೆ ಬಿಗಿಸುವ ನೀರು, ಅದನ್ನು ಹುಟ್ಟಿದಾಗಿನಿಂದ ಕುಡಿದು ಆಯಮ್ಮನ ಮಂಡಿ ಮರದ ತುಂಡಿನ ಹಾಗೆ ಆಗಿತ್ತು. ಡಾಕ್ಟರು ಒಂದೇ ಮಾತು ಹೇಳಿದ್ದರಂತೆ: ದಿನಾ ಮಟ್ಟಸವಾದ ನೆಲದಲ್ಲಿ ನಡೀಬೇಕು, ನಿಲ್ಲಿಸಿದರೆ ಮಂಚವೇ ಗತಿ.

ಅದಕ್ಕೇ ಊರು ಬಿಟ್ಟು ಬರುತ್ತಿದ್ದರು. ಫೋನಿನಲ್ಲಿ ಆಯಮ್ಮ ಕೇಳಿದ್ದು ಬೆಡ್‌ರೂಮಲ್ಲ, ಕಾರ್ ಪಾರ್ಕಿಂಗಲ್ಲ.

"ಅಕ್ಕಾ, ನಾನು ಯಾರ ಕೈನೂ ಹಿಡೀದೆ ಹಾಲು, ಸೊಪ್ಪು, ಮಾತ್ರೆ ತರಂಗಿರ್ಬೇಕು. ಅಂತಾ ಬೀದಿ ಐತಾ ನಿಮ್ಮೂರಲ್ಲಿ?"

"ಐತೆ ಬಾರಮ್ಮ, ಎಲ್ಲಾ ಹತ್ರಾನೆ" ಅಂದೆ. ಬ್ರೋಕರ್ ಬಾಯಲ್ಲಿ ಎಲ್ಲವೂ ಹತ್ರಾನೇ ಇರುತ್ತದೆ.

ಅವರು ಮೊದಲು ಶಿರಾ ನೋಡಿ ಬಂದಿದ್ದರು. ಅಲ್ಲಿ ತೋರಿಸಿದ ಮನೆ ಹೈವೇ ಪಕ್ಕ, ಔಷಧಿ ಅಂಗಡಿ ಆಚೆ ದಡದಲ್ಲಿ. "ಲಾರಿ ನಿಲ್ಲಾ ಹೊತ್ತಿಗೆ ಕಾಯ್ಲೆ ತಾನೇ ವಾಸಿ ಆಗಿರ್ತದೆ" ಅಂದರು ತಿಪ್ಪೇಸ್ವಾಮಿ. ಕೊರಟಗೆರೆಯಲ್ಲೂ ನೋಡಿದ್ದರು. ಅಲ್ಲಿ ಸಿಕ್ಕಿದ್ದು ಮಹಡಿ ಮನೆ, ಮೆಟ್ಟಿಲು ಏಣಿಯಷ್ಟು ಕಡಿದು. ಸಿದ್ದರಬೆಟ್ಟ ಹತ್ತುವುದೇ ವಾಸಿ, ಹತ್ತಿದರೆ ಪುಣ್ಯವಾದರೂ ಬರುತ್ತದೆ ಅಂದಳಂತೆ ಅಂಜಿನಮ್ಮ.

ಒಂದು ಬುಧವಾರ ಮಧುಗಿರಿಗೆ ಬಂದರು. ಆಯಮ್ಮ ಮನೆಯೊಳಗೆ ಹೋಗಿ ನೋಡುತ್ತಲೇ ಇರಲಿಲ್ಲ. ಬೀದಿಯ ತುದಿಯಲ್ಲಿ ನಿಂತು, ಸೀರೆ ನೆರಿಗೆ ಒಂದು ಕೈಯಲ್ಲಿ ಎತ್ತಿಕೊಂಡು, "ಮನೆ ಆಮೇಲೆ, ಮುಂಚೆ ನಡ್ದು ನೋಡ್ತೀನಿ" ಅಂತ ಹೊರಡುವಳು. ಅಷ್ಟು ವರ್ಷ ಅದೇ ಬೀದಿಗಳಲ್ಲಿ ಹೂವಿನ ಬುಟ್ಟಿ ಹೊತ್ತು ತಿರುಗಿದ್ದರೂ, ಆಯಮ್ಮನ ಹಿಂದೆ ನಡೆದ ಮೇಲೆ ನನಗೆ ನಮ್ಮೂರಿನ ಮೇಲೆ ವಾಕರಿಕೆ ಬಂತು.

ಮೊದಲನೇ ಬೀದಿಯಲ್ಲಿ ಫುಟ್‌ಪಾತ್ ಇತ್ತು, ನೋಡಲಿಕ್ಕೆ. ಒಂದೊಂದು ಮನೆಯವರೂ ಬೈಕ್ ಹತ್ತಿಸಲು ಗೇಟಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಹಾಕಿಕೊಂಡಿದ್ದರು. ಒಬ್ಬರದು ಎತ್ತರ, ಪಕ್ಕದವರದು ಅದಕ್ಕಿಂತ ಎತ್ತರ. ಫುಟ್‌ಪಾತಿನ ಮೇಲೆ ನಡೆಯುವುದು ಅಂದರೆ ಹತ್ತುವುದು, ಇಳಿಯುವುದು, ಹತ್ತುವುದು. ನಡುವೆ ಮರಳಿನ ಗುಡ್ಡೆ, ಜನರೇಟರು, ಕಟ್ಟಿಹಾಕಿದ ಎಮ್ಮೆ. ಅಂಜಿನಮ್ಮ ಮೂರನೇ ಮನೆಗೇ ನಿಂತಳು. "ಎಮ್ಮೆಗೆ ಬಾಡಿಗೆ ಎಷ್ಟಂತೆ ಕೇಳಕ್ಕ" ಅಂದಳು.

ಎರಡನೇ ಬೀದಿಯಲ್ಲಿ ಚರಂಡಿಯ ಚಪ್ಪಡಿಗಳನ್ನು ಎತ್ತಿ ಹೂಳು ತೆಗೆದು, ಹೂಳನ್ನು ಅಲ್ಲೇ ದಡಕ್ಕೆ ಸುರಿದು, ಚಪ್ಪಡಿ ಮುಚ್ಚುವುದನ್ನು ಮರೆತಿದ್ದರು. ಒಂದು ಕಡೆ ಕೋಳಿ ಪುಕ್ಕ, ಕರುಳು. ಇನ್ನೊಂದು ಕಡೆ ಉದ್ದನೆಯ ಗೋಡೆ. ಆ ಗೋಡೆಗೆ ಉಚ್ಚೆ ಹೊಯ್ಯಬಾರದು ಅಂತ ಸಾಲಾಗಿ ದೇವರ ಟೈಲ್ಸ್ ಅಂಟಿಸಿದ್ದಾರೆ, ಮೂರು ಧರ್ಮದ್ದೂ. ಟೈಲ್ಸಿನ ಕೆಳಗಡೆಯೇ ಗೋಡೆ ಒದ್ದೆ. ಅದರ ಪಕ್ಕ ಗುಟ್ಕಾ ಉಗಿದ ಕೆಂಪು. ದೇವರಿಗೇ ಮೂಗು ಮುಚ್ಚಿಕೊಳ್ಳುವ ಗತಿ ತಂದಿದ್ದಾರಲ್ಲ ಅನ್ನಿಸಿತು. ಥೂ.

ತಿಪ್ಪೇಸ್ವಾಮಿಯವರು ಸುಸ್ತಾದರು. "ಪೋದಾಂ ಪದವೇ, ಪಾವಗಡನೇ ವಾಸಿ" ಅಂದರು. ಪಾವಗಡದವರ ಮನೆಮಾತು ತೆಲುಗು, ಹೋಗೋಣ ನಡಿ ಅಂತ.

"ನಿಂಗೇನಯ್ಯಾ, ಕಾಲು ನಂದು" ಅಂದಳು ಆಯಮ್ಮ.

ಆಮೇಲೆ ಬೆಟ್ಟದ ಕಡೆಯ ಒಂದು ಹಳೇ ಬೀದಿಗೆ ಕರೆದುಕೊಂಡು ಹೋದೆ. ನನ್ನ ವರ್ತನೆ ಮನೆಗಳು ಹೆಚ್ಚಿರುವ ಬೀದಿ. ಎರಡು ಕಡೆ ಹೊಂಗೆ ಮರ, ಮಟ್ಟಸವಾದ ರಸ್ತೆ, ಮುಚ್ಚಿದ ಚರಂಡಿ. ತುದಿಯಲ್ಲಿ ಹಾಲಿನ ಬೂತು, ಔಷಧಿ ಅಂಗಡಿ, ತಿರುವಿನಲ್ಲಿ ಸೊಪ್ಪಿನವಳು. ಅಂಜಿನಮ್ಮ ಈ ತುದಿಯಿಂದ ಆ ತುದಿಗೆ ಹೋದಳು, ಅಲ್ಲಿಂದ ವಾಪಸು ಬಂದಳು. ಬರುವಾಗ ನೆರಿಗೆ ಕೈಬಿಟ್ಟಿದ್ದಳು. ಎಲ್ಲೂ ಕೂರಲಿಲ್ಲ.

"ಅಕ್ಕಾ, ಇಲ್ಲಿ ಒಂದು ಗುಡ್ಲು ಕೊಡ್ಸು, ಸಾಕು."

ಗುಡಿಸಲೇಕೆ, ಶಿವಗಂಗಮ್ಮನ ಮನೆಯ ಕೆಳಗಿನ ಪೋರ್ಷನ್ನೇ ಖಾಲಿ ಇತ್ತು. ಶಿವಗಂಗಮ್ಮನವರದು ಕಡಲೆಕಾಯಿ ವ್ಯಾಪಾರದ ಮನೆತನ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ನನಗೆ ಹಬ್ಬಕ್ಕೆ ಸೀರೆ ಕೊಡುವವರು. ಜಗಲಿ ಮೇಲೆ ಕೂರಿಸಿದರು. ಅಂಜಿನಮ್ಮನ ಮಂಡಿ ನೋಡಿ ಅಯ್ಯೋ ಪಾಪ ಅಂದರು, ತಮ್ಮ ಮಂಡಿ ಕಥೆ ಹೇಳಿದರು. ಇಬ್ಬರಿಗೂ ಒಂದೇ ಎಣ್ಣೆ, ಒಂದೇ ಮಾತ್ರೆ. ಅಕ್ಕ ತಂಗಿಯರ ಹಾಗೆ ಕೂತುಬಿಟ್ಟರು. ಬಿಸಿಲಲ್ಲಿ ಬಂದಿದೀರಿ, ಮಜ್ಜಿಗೆ ತರ್ತೀನಿ ಅಂತ ಎದ್ದು, ಹೊಸಲ ಹತ್ತಿರ ನಿಂತು ಕೇಳಿದರು: "ಅಂದಂಗೆ ನಿಮ್ಮ ಮನೆದೇವ್ರು ಯಾವ್ದು?"

ನಮ್ಮ ಕಡೆ ಜಾತಿಯನ್ನು ಯಾರೂ ಕೇಳುವುದಿಲ್ಲ. ಮನೆದೇವ್ರು ಕೇಳುತ್ತಾರೆ.

ತಿಪ್ಪೇಸ್ವಾಮಿಯವರು ಮುಚ್ಚುಮರೆ ಇಲ್ಲದೆ ಹೇಳಿದರು: "ಅಪ್ಪನ ಕಾಲ್ದಲ್ಲಿ ಮಾರಮ್ಮ ಇತ್ತು ತಾಯಿ. ಈಗ ನಾವು ಬುದ್ಧನ ಫೋಟೋ ಇಟ್ಕೊಂಡಿದೀವಿ."

ಶಿವಗಂಗಮ್ಮ ಹೂಂ ಅಂದು ಒಳಗೆ ಹೋದರು. ಒಳಗೆ ಲೋಟದ ಸದ್ದಾಯಿತು. ನಿಂತಿತು. ಹೊರಗೆ ಬಂದಾಗ ಕೈ ಬರಿದು.

"ಈಗ ತಾನೇ ಫೋನ್ ಬಂತು ಕಣಮ್ಮ. ನಮ್ಮ ಬೀಗರು ಬರ್ತಾರಂತೆ, ಮನೆ ಅವ್ರಿಗೇ ಬೇಕಂತೆ."

ಅವರ ಫೋನು ಜಗಲಿ ಮೇಲೆ, ನನ್ನ ಹೂವಿನ ಬುಟ್ಟಿ ಪಕ್ಕದಲ್ಲೇ ಇತ್ತು. ನಾವು ಮೂರೂ ಜನ ಅದನ್ನೇ ನೋಡಿದೆವು. ಶಿವಗಂಗಮ್ಮನೂ ನೋಡಿದರು. ನೋಡಿ, ಎತ್ತಿಕೊಂಡು ಸೆರಗಿನಲ್ಲಿ ಒರೆಸಿಕೊಂಡರು. ಅಂಜಿನಮ್ಮ ಎದ್ದು, "ಬರ್ತೀವಮ್ಮ, ಎಣ್ಣೆ ಬೆಚ್ಚಗೆ ಮಾಡ್ಕೊಂಡು ಹಚ್ಚಿ" ಅಂತ ಹೇಳಿ ಇಳಿದಳು.

ಅದೇ ಬೀದಿಯಲ್ಲಿ ಇನ್ನೂ ಎರಡು ಮನೆ ಖಾಲಿ ಇದ್ದವು. ಒಂದರ ಬಾಗಿಲಲ್ಲಿ ಟು ಲೆಟ್ ಬೋರ್ಡೂ ಇತ್ತು. ಅವರಿಗೂ ಮನೆದೇವ್ರು ಬೇಕಾಯಿತು. ಅವರಿಗೂ ಬೀಗರು ಬರುವವರಿದ್ದರು. ಬೀಗ ಹಾಕಿದ ಮನೆಗೆಲ್ಲ ಬೀಗರು ಬರುವುದಾದರೆ ಮಧುಗಿರಿ ಬೆಟ್ಟದ ಮೇಲೂ ಜಾಗ ಸಾಲುವುದಿಲ್ಲ. ಆಗ ನನಗೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮನೆ ಕೊಡುತ್ತೇವೆ ಅಂದ ಬೀದಿಗಳಲ್ಲಿ ಕಾಲಿಡಲಾಗಲಿಲ್ಲ, ಕಾಲಿಡಬಹುದಾದ ಬೀದಿಯಲ್ಲಿ ಮನೆ ಕೊಡುವುದಿಲ್ಲ. ಎರಡನೇ ಬೀದಿಯ ಕೋಳಿ ಕರುಳು ನೋಡಿ ಬಂದ ವಾಕರಿಕೆ ಏನೂ ಅಲ್ಲ. ಅದನ್ನು ಗುಡಿಸಿದರೆ ಹೋಗುತ್ತದೆ. ಈ ಬೀದಿ ದಿನಾ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವ ಬೀದಿ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವಾಗ ನಾನು ಮೆಲ್ಲಗೆ ಹೇಳಿದೆ: "ಬೇರೆ ಬೀದೀಲಿ ಇಂತಾದ್ದೇ ಒಂದು ಮನೆ ಐತೆ. ಅಲ್ಲಿ ಕೇಳಿದ್ರೆ ಮಾರಮ್ಮ ಅಂದು ಸುಮ್ಮನಾಗ್ಬುಡಿ. ಮುಂದಿಂದು ಯಾಕೆ ಹೇಳ್ತೀರಿ?"

ಅಂಜಿನಮ್ಮ ಗಂಡನ ಕಡೆ ತಿರುಗಿ, "ಏಮಯ್ಯಾ, ಬುದ್ಧುಣ್ಣಿ ಬೀರುವಾಲೋ ಪೆಟ್ಟಾಲಾ?" ಅಂದಳು. ಬುದ್ಧನನ್ನು ಬೀರುವಿನಲ್ಲಿ ಇಡಬೇಕಾ ಅಂತ. ಆಮೇಲೆ ನನಗೆ ಹೇಳಿದಳು: "ಆಯಪ್ಪ ಕಣ್ಮುಚ್ಕೊಂಡು ಸುಮ್ನೆ ಕೂತವ್ನೆ ಅಕ್ಕ. ಆಯಪ್ಪಂಗೆ ತೊಂದ್ರೆ ಇಲ್ಲ, ಬೀರುನಲ್ಲೂ ಕೂರ್ತಾನೆ. ನಂಗೆ ಉಸ್ರು ಕಟ್ತದೆ."

ನಾನು ಟೀ ಲೋಟ ಅಲ್ಲೇ ಬಿಟ್ಟು ಬೇರೆ ಮನೆ ಹುಡುಕಲು ಎದ್ದೆ.

ಕಡೆಗೆ ಸಿಕ್ಕಿದ್ದು ಆ ಒಳ್ಳೇ ಬೀದಿಗೆ ಬೆನ್ನು ಹಾಕಿರುವ ಒಂದು ಸಂದಿಯಲ್ಲಿ. ಬೋರ್‌ವೆಲ್ ಮೋಟ್ರು ರಿಪೇರಿ ಮಾಡುವ ಶಿರಾದ ಸಾಬರೊಬ್ಬರ ಮನೆ. ಅವರು ಕೇಳಿದ್ದು ಒಂದೇ: "ನೀರು ಬಂದಾಗ ಎರಡೇ ಡ್ರಮ್ ತುಂಬ್ಕೊಳ್ಳಿ ಅಮ್ಮಾ, ಬಾಕಿ ಲೋಗ್‌ಗೂ ಬೇಕು." ಮನೆ ಚೊಕ್ಕ, ಆದರೆ ಸಂದಿ ಹೊಲಸು. ಬಾಯ್ತೆರೆದ ಮೋರಿ, ಹಂದಿ. ಮೋರಿ ದಾಟಲು ಸಾಬರು ಒಂದು ಅಗಲ ಚಪ್ಪಡಿ ಹಾಕಿಸಿಕೊಟ್ಟರು. ಅದನ್ನು ದಾಟಿ, ಮೂಗು ಮುಚ್ಚಿಕೊಂಡು ಸಂದಿ ಕಳೆದರೆ ಹೊಂಗೆ ಮರದ ಬೀದಿ.

ಅಂಜಿನಮ್ಮ ಸಾಮಾನು ಇಳಿಸಿದ ಮಾರನೇ ಬೆಳಿಗ್ಗೆಯೇ ಆ ಬೀದಿಗೆ ಬಂದಳು. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಮಾರನೇ ದಿನವೂ ಬಂದಳು. ಕೈಯಲ್ಲಿ ಹಾಲಿನ ಕ್ಯಾನು. ರಂಗೋಲಿ ತುಳಿಯದ ಹಾಗೆ ಬಳಸಿಕೊಂಡು ಹೋಗುವಳು. ಶಿವಗಂಗಮ್ಮ ಮೊದಲು ಒಳಗೆ ಹೋಗುತ್ತಿದ್ದರು. ಆಮೇಲೆ ಒಂದು ದಿನ ಹೂವು ಹಾಕಲು ಹೋದ ನನ್ನನ್ನು ತಡೆದರು.

"ಅಲ್ಲ ಕಣೇ ರತ್ನಿ, ಆಯಮ್ಮ ದಿನಾ ನಮ್ಮ ಬೀದೀಲೇ ಯಾಕೆ ಓಡಾಡ್ತಾಳೆ?"

"ನಿಮ್ಮ ಬೀಗರು ಬಂದ್ರಾ ಅಂತ ನೋಡೋಕೆ" ಅಂದೆ.

ಅವರ ಮುಖ ಕೆಂಪಾಯಿತು. "ನಿಂಗೇನು ಕಡಿಮೆ ಮಾಡಿದೀನೇ ನಾನು? ನಾಳೆ ನನ್ನ ಮೊಮ್ಮಕ್ಕಳಿಗೆ ಹೆಣ್ಣು ಕೊಡೋರು ಬಂದು ಕೆಳಗಡೆ ಯಾರು ಅಂತ ಕೇಳ್ತಾರೆ. ನನ್ನ ಕಷ್ಟ ನಿಂಗೆ ಗೊತ್ತಾ?"

"ನಂಗೂ ಮಗಳು ಬಸುರಿ ಅವಳೆ ಕಣಮ್ಮ. ಹುಟ್ಟೋ ಕೂಸಿಗೆ ಇಂತಾ ಕಷ್ಟ ನಾನು ಎತ್ತಿಡಾಕಿಲ್ಲ."

ಆ ಮನೆಯ ವರ್ತನೆ ಅವತ್ತೇ ಮುಗಿಯಿತು. ಹಬ್ಬದ ಸೀರೆಯೂ ಹೋಯಿತು, ಹೋಗಲಿ ಬಿಡಿ. ಕೆಳಗಿನ ಪೋರ್ಷನ್ ಇವತ್ತಿಗೂ ಖಾಲಿ ಬಿದ್ದಿದೆ, ಗೆದ್ದಲು ಹಿಡಿದಿದೆ ಅಂತ ಕೇಳಿದ್ದೇನೆ.

ನನಗೆ ಮನಸ್ಸು ತಡೆಯದೆ ಒಂದು ದಿನ ಅಂಜಿನಮ್ಮನನ್ನೇ ಕೇಳಿದೆ, ಅವರು ಅಷ್ಟು ಮಾಡಿದ ಮೇಲೂ ಆ ಬೀದಿಗೇ ಹೋಗುತ್ತೀಯಲ್ಲ, ಬೇಜಾರಾಗುವುದಿಲ್ಲವಾ ಅಂತ. ಆಯಮ್ಮ ಹಾಲಿನ ಕ್ಯಾನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, "ಇಲ್ಲು ವಾಳ್ಳದಿ, ದಾರಿ ಅಂದರಿದಿ" ಅಂದಳು. ಮನೆ ಅವರದು, ದಾರಿ ಎಲ್ಲರದು. ಹೇಳಿ ನಿಲ್ಲಲಿಲ್ಲ, ನಡೆದಳು. ಮಂಡಿ ಪೂರ್ತಿ ವಾಸಿಯಾಗಿಲ್ಲ, ಆದರೆ ಮಂಚ ಹಿಡಿದಿಲ್ಲ. ಸಂಜೆ ನಾನು ಹೂವು ಇಟ್ಟುಕೊಂಡು ಕೂರುವ ತಾವಿಗೂ ಒಬ್ಬಳೇ ಬರುತ್ತಾಳೆ, ಮೊಳ ಗಿಡ್ಡ ಮಾಡಿದೀಯ ಅಂತ ಜಗಳ ಆಡುತ್ತಾಳೆ.

ರಿಟೈರ್ ಆದವರು ಊರು ಬದಲಾಯಿಸುವ ಮುಂಚೆ ನನ್ನಂಥವರನ್ನು ಕೇಳುತ್ತಾರೆ, ಆಸ್ಪತ್ರೆ ಹತ್ತಿರವಾ, ಅಂಗಡಿ ಹತ್ತಿರವಾ, ರಸ್ತೆ ಹೇಗಿದೆ. ಕೇಳಲಿ, ಅದೂ ಬೇಕು. ಆದರೆ ಈ ಕೆಲಸ ನನಗೆ ಕಲಿಸಿದ್ದು ಬೇರೆ. ಬೀದಿ ನಡೆಯಲು ಯೋಗ್ಯವೋ ಇಲ್ಲವೋ ಕಲ್ಲು ನೋಡಿ ತಿಳಿಯುವುದಿಲ್ಲ, ಬಾಗಿಲು ತಟ್ಟಿದರೆ ತಿಳಿಯುತ್ತದೆ. ಹೋದ ತಿಂಗಳು ಕೊರಟಗೆರೆಯಿಂದ ರಿಟೈರ್ ಆದ ಮೇಷ್ಟ್ರು ದಂಪತಿ ಬಂದಿದ್ದರು, ಅವರ ಮನೆಯಲ್ಲೂ ಬುದ್ಧನ ಫೋಟೋ. ನಾನು ಮನೆ ತೋರಿಸಲೇ ಇಲ್ಲ. ಬಿಸಿಲಿನಲ್ಲಿ ಬೀದಿ ಸುತ್ತಿಸಿ, ಒಂದೊಂದು ಬಾಗಿಲು ತಟ್ಟಿ ಮೊದಲು ಮನೆದೇವ್ರು ಹೇಳಿ, ಆಮೇಲೆ ಕುಡಿಯಲು ನೀರು ಕೇಳಿ ಅಂದೆ. ಮೇಷ್ಟ್ರಿಗೆ ನಾಚಿಕೆ, ಅವರ ಹೆಂಡತಿಯೇ ಕೇಳಿದರು. ಮೊದಲನೇ ಬೀದಿಯಲ್ಲಿ ನಲ್ಲಿ ಬಂದಿಲ್ಲ ಅಂದರು, ಎರಡನೆಯದರಲ್ಲಿ ಮಾತಾಡದೆ ಬಾಗಿಲು ಹಾಕಿದರು. ಮೂರನೆಯದರಲ್ಲಿ ಒಬ್ಬ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಚೊಂಬು ಕೊಟ್ಟು, ಬಿಸಿಲಲ್ಲಿ ಯಾಕೆ ನಿಂತ್ಕೊಂಡ್ರಿ, ಒಳಗೆ ಬನ್ನಿ ಅಂದಳು. ಆ ಬೀದಿಯ ರಸ್ತೆ ಅಷ್ಟೇನೂ ಚೆನ್ನಾಗಿಲ್ಲ. ಅಲ್ಲೇ ಮನೆ ಮಾಡಿಸಿದ್ದೇನೆ.