ಹಲಗೆಗೆ ಅಂಟಿಸಿದ ಮುಖ

ಹಳೆಯ ಜಪಾನಿನ ಎದೋ ನಗರದ ತೋಕುಬೇ ಬದುಕಿಡೀ ಹೆಂಗಸರ ಚಿತ್ರ ಬರೆದೇ ಹೊಟ್ಟೆ ಹೊರೆದವನು. ಚಹಾ ಅಂಗಡಿಯ ಚೆಲುವೆಯರು, ಕುಣಿಯುವವರು, ಕೊಡೆ ಹಿಡಿದು ನಿಂತವರು, ಯಾರನ್ನೂ ಬಿಟ್ಟಿರಲಿಲ್ಲ, ಹೆಂಡತಿ ಒನುಯಿಯನ್ನು ಬಿಟ್ಟು. ಅವಳು ಮಸಿ ತೇಯ್ದು ಕೊಡುತ್ತಿದ್ದಳು, ಬರೆದ ಹಾಳೆಗಳನ್ನು, ಅಚ್ಚು ಹಾಕಲು ಮರದ ಹಲಗೆಯಲ್ಲಿ ಕೆತ್ತುವ ಕಾನ್ರೊಕುವಿನ ಮನೆಗೆ ಮುಟ್ಟಿಸುತ್ತಿದ್ದಳು. "ನಂದೂ ಒಂದು ಬರೀರಿ" ಎಂದರೆ, "ನಿನ್ನ ಮೂತಿ ಯಾರೇ ಕೊಂಡ್ಕೋತಾರೆ?" ಎಂದು ನಗುತ್ತಿದ್ದ. ಪಾಪ, ಅವಳೂ ನಗುತ್ತಿದ್ದಳು. ಇಂಥ ಗಂಡಸರಿಗೆ ಬುದ್ಧಿ ಬರುವುದು ಕಾಲ ಮಿಂಚಿದ ಮೇಲೆಯೇ.

ಒಂದು ಬೇಸಗೆಯ ಜ್ವರ ಒನುಯಿಯನ್ನು ಕೊಂಡೊಯ್ಯಿತು. ತೋಕುಬೇ ಕೂತಲ್ಲಿಂದ ಏಳದೆ ಅವಳ ಮುಖ ಬರೆದ. ಚಳಿ ಶುರುವಾಗುವ ಹೊತ್ತಿಗೆ ಅವನ ಬಲಗೈ ನಡುಗತೊಡಗಿತು. ಇನ್ನು ಬರೆಯುವ ಮಾತೇ ಇಲ್ಲ. ಅಷ್ಟರಲ್ಲಿ ಪಕ್ಕದ ಬೀದಿಗೆ ಬೆಂಕಿ ಬಿತ್ತು. ಚಳಿಗಾಲದಲ್ಲಿ ಎದೋಗೆ ಬೆಂಕಿ ತಪ್ಪಿದ್ದಲ್ಲ. ಆ ಹಾಳೆಯನ್ನು ಎದೆಗವಚಿಕೊಂಡು ಓಡಿದವನು, ಗಾಳಿ ತಿರುಗಿ ಮನೆ ಉಳಿದ ಮೇಲೂ ಅದನ್ನು ಕೆಳಗಿಡಲಿಲ್ಲ. ಹಾಳೆ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ಸುಟ್ಟುಹೋಗುತ್ತದೆ. ಅಚ್ಚಾದರೆ ಊರ ತುಂಬ ಮನೆಗಳಲ್ಲಿ ಒನುಯಿ ಉಳಿಯುತ್ತಾಳೆ. ಹಾಗೆಂದುಕೊಂಡು ಕಾನ್ರೊಕುವಿನ ಬಾಗಿಲಿಗೆ ಹೋದ.

ಕಾನ್ರೊಕು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯೆತ್ತಿದ.

"ಯೋಚ್ನೆ ಮಾಡಿದೀಯೇನಯ್ಯ? ಹಲಗೆ ಮೇಲೆ ಕವುಚಿ ಅಂಟಿಸಿದ್ರೆ ಹಾಳೆ ಹೋದಂಗೇ. ಗೆರೆ ಬಿಟ್ಟು ಮಿಕ್ಕಿದ್ದೆಲ್ಲ ಕೆತ್ತಿ ಬಿಸಾಕ್ತೀನಿ. ಉಳಿ ಜಾರಿತೋ, ಅವಳೂ ಇಲ್ಲ, ಚಿತ್ರಾನೂ ಇಲ್ಲ."

"ಇಷ್ಟು ವರ್ಷ ಜಾರಿಲ್ವಲ್ಲ?"

"ಇಷ್ಟು ವರ್ಷ ಕೆತ್ತಿದ್ದು ಕಂಡೋರ ಮನೆ ಹೆಂಗಸ್ರನ್ನ ಕಣೋ!"

ಬೈಯುತ್ತಲೇ ಅಂಟು ಬಳಿದ. ಒನುಯಿಯ ಮುಖ ಚೆರ್ರಿ ಹಲಗೆಗೆ ಕವುಚಿಕೊಂಡಿತು. ಗೆರೆಗಳು ಎದ್ದು ಕಾಣಲೆಂದು ಕಾನ್ರೊಕು ಬೆರಳ ತುದಿಯಲ್ಲಿ ಹಿಂಬದಿಯ ಕಾಗದವನ್ನು ಉಜ್ಜಿ ಉದುರಿಸತೊಡಗಿದಾಗ ತೋಕುಬೇಗೆ ನೋಡಲಾಗಲಿಲ್ಲ, ಎದ್ದು ಹೊರಟ. ಹಣೆಯಂಚಿನ ಕೂದಲನ್ನು ಅವನು ಬರೆದೇ ಇರಲಿಲ್ಲ. ಯಾವ ಚಿತ್ರಕಾರನೂ ಬರೆಯುವುದಿಲ್ಲ. ಅದನ್ನು ಎಳೆ ಎಳೆಯಾಗಿ ಬಿಡಿಸುವುದು ಕೆತ್ತುವವನ ಪಾಲಿನ ಕೆಲಸ.

ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ದಿನಾ ಕಾನ್ರೊಕುವಿನ ಬಾಗಿಲವರೆಗೆ ಹೋಗಿ, ಉಳಿಯ ಸದ್ದು ಕೇಳಿ, ಒಳಗೆ ಕಾಲಿಡಲು ಧೈರ್ಯ ಸಾಲದೆ ಹಿಂದಿರುಗುತ್ತಿದ್ದ. ಕೊನೆಗೆ ಕರೆ ಬಂತು.

ಕಾನ್ರೊಕು ಹಲಗೆಗೆ ಮಸಿ ಬಳಿದು, ಒದ್ದೆ ಕಾಗದ ಹಾಸಿ, ಮೇಲಿಂದ ಉಜ್ಜಿ, ಮೆಲ್ಲಗೆ ಎತ್ತಿದ. ತೋಕುಬೇ ನೋಡಿದ. ಅದೇ ಕಣ್ಣು, ಅದೇ ತುಟಿ. ಹಣೆಯಂಚಿನಲ್ಲಿ ಒಂದಕ್ಕೊಂದು ತಾಕದ ಕೂದಲೆಳೆಗಳು. ಇವೆಲ್ಲ ಮರದಿಂದ ಬಂದವೆಂದರೆ ಯಾರು ನಂಬಬೇಕು? ಕಿವಿಯ ಬಳಿ ಒಂದು ಎಳೆ ಮಾತ್ರ ತುರುಬಿನಿಂದ ತಪ್ಪಿಸಿಕೊಂಡು ಕೆನ್ನೆಯ ಮೇಲೆ ಇಳಿದಿತ್ತು. ಅದನ್ನು ಕಂಡದ್ದೇ ಒನುಯಿ ಎದುರಿಗೆ ಬಂದು ಕೂತಂತಾಯಿತು.

"ಇದು... ಇದು ನಂಗೆ ಮರ್ತೇ ಹೋಗಿತ್ತಲ್ಲೋ."

"ನೀನೆಲ್ಲಿ ಅವಳನ್ನ ನೋಡಿದ್ದೆ, ಹೇಳು? ಇದೇ ಬಾಗಿಲಲ್ಲಿ ನಿಂತಾಗ್ಲೆಲ್ಲ ಗಾಳಿಗೆ ಅದೊಂದು ಎಳೆ ಬಿಚ್ಕೊಳ್ಳೋದು. ಎರಡು ಕೈಯಲ್ಲೂ ನಿನ್ನ ಹಾಳೆಗಳು. ಇನ್ನೇನ್ ಮಾಡ್ತಾಳೆ, ಉಫ್ ಅಂತ ಊದ್ಕೊಳ್ಳೋಳು."

ತೋಕುಬೇ ಮಂಡಿಯೂರಿ ಹಾಳೆಯ ಹತ್ತಿರಕ್ಕೆ ಬಾಗಿದ. ಆ ಎಳೆಗೆ ಎಲ್ಲಿ ತನ್ನ ಉಸಿರು ತಾಕೀತೋ ಎಂದು ತೋಳಿನ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡ.